ಅಂದಾಜಪ್ಪನೂ ಹೊಸ ಮಶೀನಿನ ಡಿಸ್ಕೂ

ಪೆಟ್ಟಿಗೆಗಳನ್ನು ಎತ್ತರದಿಂದ ಬೀಳಿಸುವುದಕ್ಕೆ ಸಂಬಳ ಕೊಡುತ್ತಾರೆ ಎಂದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ. ಮದುವೆಯ ಮಾತುಕತೆಯ ದಿನ ಅಂದಾಜಪ್ಪನ ಅತ್ತೆಯಾಗಲಿದ್ದವಳು, "ಹುಡುಗ ಏನ್ ಕೆಲ್ಸ ಮಾಡ್ತಾನೆ?" ಎಂದು ಕೇಳಿದಳು. "ಸಾಮಾನು ಬೀಳಿಸ್ತಾನೆ" ಎಂದರು ಹುಡುಗನ ಕಡೆಯವರು. "ಅದನ್ನ ನಮ್ಮನೇಲೂ ಎಲ್ರೂ ಮಾಡ್ತೀವಿ, ಸಂಬಳ ಯಾರು ಕೊಡ್ತಾರೆ?" ಎಂದಳು ಅವಳು. ಅಂದಿನಿಂದ ಅಳಿಯನ ಬಗ್ಗೆ ಅವಳ ಅಭಿಪ್ರಾಯ ಹೆಚ್ಚೇನೂ ಬದಲಾಗಲಿಲ್ಲ.

ಸಂಬಳ ಕೊಡುವವರು ಇದ್ದರು. ಊರಾಚೆಯ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ, ಗೋದಾಮಿನ ಹಿಂದೆ, ಕಿಟಕಿಯೇ ಇಲ್ಲದ ಉದ್ದನೆಯ ಕೋಣೆಯೊಂದು ಅವನದು. ನಡುವೆ ಎರಡು ಕಬ್ಬಿಣದ ತೋಳುಗಳ ಒಂದು ಯಂತ್ರ. ತೋಳುಗಳ ಮೇಲೆ ಪೆಟ್ಟಿಗೆ ಇಟ್ಟು, ಎದೆಯ ಮಟ್ಟಕ್ಕೆ ಏರಿಸಿ ಗುಂಡಿ ಒತ್ತಿದರೆ ತೋಳುಗಳು ಸರಕ್ಕನೆ ಜಾರಿ ಪೆಟ್ಟಿಗೆ ಧೊಪ್ಪೆಂದು ನೆಲಕ್ಕೆ ಬೀಳುತ್ತಿತ್ತು. ಒಮ್ಮೆ ಮೂಲೆಯ ಮೇಲೆ, ಒಮ್ಮೆ ಅಂಚಿನ ಮೇಲೆ, ಒಮ್ಮೆ ಮಕಾಡೆ. ಲಾರಿಯವರು, ಹಮಾಲರು, ಮನೆ ಬಾಗಿಲಿಗೆ ತಂದು ಎಸೆಯುವವರು ಎಲ್ಲರೂ ಸೇರಿ ಒಂದು ಪೆಟ್ಟಿಗೆಗೆ ಏನೇನು ಅನ್ಯಾಯ ಮಾಡಬಹುದೋ ಅಷ್ಟನ್ನೂ ಇವನೊಬ್ಬನೇ ಮುಂಚಿತವಾಗಿ ಮಾಡಿ, ಆಮೇಲೆ ಬಿಚ್ಚಿ, ಒಳಗಿನ ಸಾಮಾನು ಉಳಿಯಿತೋ ಹೋಯಿತೋ ಹೇಳಬೇಕಿತ್ತು.

ಹೊಸ ಸಾಮಾನಾದರೆ ಗಿರಾಕಿ ಕಂಪನಿಯವರು ಮೊದಲಿಗೇ ಅಸಲಿ ಮಾಲು ಕಳಿಸುತ್ತಿರಲಿಲ್ಲ. ಅದೇ ಅಳತೆಯ, ಅದೇ ತೂಕದ ಮರದ ದಿಮ್ಮಿಯೊಂದನ್ನು ಮಾಡಿಸಿ, ಅಸಲಿಯಲ್ಲಿ ಎಲ್ಲಿ ಭಾರ ಇದೆಯೋ ಅಲ್ಲಿ ಕಬ್ಬಿಣ ತುಂಬಿಸಿ ಕಳಿಸುತ್ತಿದ್ದರು. ಡಮ್ಮಿ ಎಂದು ಅದಕ್ಕೆ ಹೆಸರು. ಅದು ಮಿಕ್ಸಿಯದೋ, ಪ್ರಿಂಟರಿನದೋ, ಯಾವ ಶ್ರೀಮಂತನ ಪಾದ ಒತ್ತುವ ಯಂತ್ರದ್ದೋ ಯಾರಿಗೂ ಹೇಳುತ್ತಿರಲಿಲ್ಲ. ಡಮ್ಮಿ ಸುಸೂತ್ರವಾಗಿ ಬಿದ್ದೆದ್ದ ಮೇಲಷ್ಟೇ ಒಂದು ದಿನ ಅಸಲಿ ಮಾಲು ಬರುತ್ತಿತ್ತು.

ಈ ಡಮ್ಮಿಗಳೇ ಅವನ ತಲೆ ಕೆಡಿಸಿದ್ದು ಎಂದು ಹೆಂಡತಿ ಹೇಳುತ್ತಿದ್ದಳು. ದಿಮ್ಮಿಯನ್ನು ಅಂಗೈ ಮೇಲೆ ತೂಗಿ ನೋಡಿ, "ಇದು ಬಟ್ಟೆ ಒಗೆಯೋ ಮಶೀನಿನ ಮೋಟಾರು" ಎಂದು ಹೇಳುವುದು ಅವನಿಗೆ ಚಟವಾಯಿತು. ಕಾರ್ಖಾನೆಯಿಂದ ಆ ಚಟ ಮನೆಗೆ ಬಂತು, ಮನೆಯಿಂದ ಬೀದಿಗೆ ಇಳಿಯಿತು. ಹುಟ್ಟಲಿರುವ ಮಗುವಿನ ತೂಕದಿಂದ ಹಿಡಿದು ಪಕ್ಕದ ಮನೆಯವರ ಜಗಳ ಎಂದು ಮುಗಿಯುತ್ತದೆ ಎನ್ನುವವರೆಗೆ ಎಲ್ಲದಕ್ಕೂ ಅವನ ಬಳಿ ಒಂದು ಅಂದಾಜು ಇರುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದು, ಮಿಕ್ಕೆಲ್ಲ ಕಡೆ ಅವನು ಅಂದಾಜಪ್ಪನಾದ.

ಆದರೆ ಅವನ ನಿಜವಾದ ಹುಚ್ಚು ಗೇಮ್ ಕನ್ಸೋಲುಗಳದ್ದು. ಟೀವಿಗೆ ಸಿಕ್ಕಿಸಿ ಆಡುವ ಈ ಮಶೀನುಗಳನ್ನು ಅವನಿಗೆ ಪರಿಚಯಿಸಿದವನು ಹೆಂಡತಿಯ ತಮ್ಮ. ಮದುವೆಯಾದ ಹೊಸದರಲ್ಲಿ, ಮಾವನ ಮನೆಯಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಕೂರಲು ಇದ್ದ ಒಂದೇ ಜಾಗ ಭಾವಮೈದನ ಕೋಣೆ. ಅಲ್ಲಿ ಇಬ್ಬರೂ ಗಂಟೆಗಟ್ಟಲೆ ಕಾರು ಓಡಿಸುತ್ತಿದ್ದರು. ಅಂದಾಜಪ್ಪನಿಗೆ ಆಟ ಮಾತ್ರ ಸುತರಾಂ ಬರಲಿಲ್ಲ. ಅವನ ಕಾರು ಹೊರಟ ಕೂಡಲೇ ಗೋಡೆಗೆ ಗುದ್ದುತ್ತಿತ್ತು. ಹಾಗಾಗಿ ಅವನು ಆಟ ಬಿಟ್ಟು ಮಶೀನಿನ ಒಳಗೆ ಏನಿರಬಹುದು, ಮುಂದೆ ಬರುವ ಮಶೀನಿನ ಚಿಪ್ಪಿಗೆ ಎಷ್ಟು ಶಕ್ತಿ ಇರಬಹುದು, ಮೆಮೊರಿ ಎಷ್ಟು, ಫ್ಯಾನು ಯಾವ ಗಾತ್ರದ್ದು ಎಂಬುದರ ಮೇಲೆ ಬಿದ್ದ. ಮಶೀನು ಅಂಗಡಿಗೆ ಬಂದ ಮೇಲೆ ಬಿಚ್ಚಿ ನೋಡಿದರೆ ಅದೆಲ್ಲ ತಾನಾಗಿ ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ, "ಬಿಚ್ಚಿದ್ಮೇಲೆ ಕತ್ತೆನೂ ಹೇಳುತ್ತೆ" ಎಂದು ಮುಖ ತಿರುಗಿಸುತ್ತಿದ್ದ.

ಬಿಚ್ಚುವ ಮೊದಲು ಅವನು ಹೇಳಿದ್ದೆಲ್ಲ ತಪ್ಪಾಯಿತು ಎನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಸ್ವಲ್ಪ ತಪ್ಪಲ್ಲ, ಪೂರಾ ತಪ್ಪು. ಕೈಯಲ್ಲಿ ಹಿಡಿದು ಆಡುವ ಮಶೀನೊಂದು ಬರುವ ಮೊದಲು, ಇನ್ನು ಟೀವಿಗಳನ್ನು ಗುಜರಿಗೆ ಹಾಕಬಹುದು ಎಂದ. ಆ ಮಶೀನೇ ಗುಜರಿ ಸೇರಿತು. ಇನ್ನೊಂದು ತೆಳ್ಳಗಿನದು ಬರುವಾಗ, ಇಷ್ಟು ತೆಳುವಾದರೆ ಒಳಗೆ ಗಾಳಿಯಾಡದೆ ಬೆಂದುಹೋಗುತ್ತದೆ ಎಂದ. ಅದು ಈಗಲೂ ಒಂದು ಕೊರೆಯಿಲ್ಲದೆ ಓಡುತ್ತಿದೆ. ಒಮ್ಮೆ ಮೊಬೈಲಿನಲ್ಲಿ ಯಾರೋ ಹೊಸ ಕನ್ಸೋಲಿನ ಬೆನ್ನು ಎಂದು ಮಸುಕಾದ ಚಿತ್ರ ಹಾಕಿದ್ದರು. ಅಂದಾಜಪ್ಪ ಅದರ ಸೀಳುಗಳನ್ನು ಎಣಿಸಿ, ಅಗಲ ಲೆಕ್ಕ ಹಾಕಿ, ಇಷ್ಟು ಬಿಸಿ ಹೊರಗೆ ಹಾಕಬೇಕಾದರೆ ಒಳಗಿನ ಚಿಪ್ಪು ಹಿಂದಿನದರ ಅಪ್ಪನಾಗಿರಬೇಕು ಎಂದು ವಾರವಿಡೀ ಭಾಷಣ ಮಾಡಿದ. "ಕಣ್ಣಾರೆ ನೋಡಿದೀನಿ ಕಣ್ರೋ" ಎಂದು ಆಣೆ ಹಾಕಿದ. ಅದು ಚಳಿಗೆ ಹಚ್ಚುವ ಹೀಟರಿನ ಚಿತ್ರವಾಗಿತ್ತು. "ಬಿಸಿ ವಿಷ್ಯದಲ್ಲಿ ನಾನು ಹೇಳಿದ್ದು ಸರಿ ತಾನೇ?" ಎಂದು ಅವನು ವಾದಿಸಿದಾಗ ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಒಳಗೆ ಹೋದಳು.

ಅಷ್ಟರಲ್ಲಿ ಭಾವಮೈದ ದೊಡ್ಡವನಾಗಿ, ಮನೆಯ ಮುಂದಿನ ಕೋಣೆಯನ್ನೇ ಗೇಮ್ ಅಂಗಡಿ ಮಾಡಿಕೊಂಡಿದ್ದ. ಕೆಲವು ಟೀವಿಗಳು, ಸ್ಪಂಜು ಹೊರಗಿಣುಕುವ ಸೋಫಾಗಳು, ಗಂಟೆಯ ಲೆಕ್ಕದಲ್ಲಿ ಆಡಲು ಬರುವ ಜನ. ಅವನ ಆಸ್ತಿ ಎಂದರೆ ಹಿಂದಿನ ಗೋಡೆ. ನೆಲದಿಂದ ಸೂರಿನವರೆಗೆ ಗೇಮ್ ಡಿಸ್ಕುಗಳು, ಒಂದೊಂದೂ ಅದರದರ ಡಬ್ಬಿಯಲ್ಲಿ. ಹಳೆಯವು, ಈಗ ಎಲ್ಲೂ ಸಿಗದವು, ಬಾಯಿ ಕಟ್ಟಿ ಕೂಡಿಸಿದವು. ಬೇರೆ ಅಂಗಡಿಗಳನ್ನು ಬಿಟ್ಟು ಜನ ಇಲ್ಲಿಗೆ ಬರುತ್ತಿದ್ದುದು ಆ ಗೋಡೆಗಾಗಿಯೇ.

ಹೀಗಿರುವಾಗ ಹೊಸ ಕನ್ಸೋಲ್ ಬರುತ್ತದೆ ಎಂಬ ಸುದ್ದಿ ಎದ್ದಿತು. ಅದರಲ್ಲಿ ಡಿಸ್ಕ್ ಹಾಕುವ ಬಾಯಿಯೇ ಇರುವುದಿಲ್ಲ, ಎಲ್ಲ ಗೇಮೂ ಇಂಟರ್ನೆಟ್ಟಿನಿಂದಲೇ ಎಂದು ಅರ್ಧ ಜನ. ಇರುತ್ತದೆ, ಹಳೆಯ ಡಿಸ್ಕುಗಳೂ ಓಡುತ್ತವೆ ಎಂದು ಇನ್ನರ್ಧ. ಮಶೀನು ಮಾಡುವ ಕಂಪನಿ ಮಾತ್ರ ತುಟಿ ಬಿಚ್ಚಲಿಲ್ಲ. ಡಿಸ್ಕ್ ಇದ್ದರೆ ಭಾವಮೈದನ ಗೋಡೆ ಬಂಗಾರ. ಇಲ್ಲದಿದ್ದರೆ ಅಷ್ಟೂ ಪ್ಲಾಸ್ಟಿಕ್ಕು, ಅಂಗಡಿಗೆ ಬೀಗ. ದೊಡ್ಡ ಅಂಗಡಿಯೊಂದರವರು ಬಂದು, ಕಂಪನಿ ಬಾಯಿಬಿಡುವ ಮೊದಲು ಕೊಡುವುದಾದರೆ ಗೋಡೆ ಪೂರ್ತಿ ತಾವೇ ಕೊಂಡು ಎತ್ತಿಕೊಂಡು ಹೋಗುತ್ತೇವೆ ಎಂದರು. ಭಾವಮೈದನಿಗೆ ನಿದ್ದೆ ಹಾರಿಹೋಯಿತು. ತೆಳ್ಳಗಿದ್ದವನು ಇನ್ನೂ ತೆಳ್ಳಗಾದ.

ಅದೇ ದಿನಗಳಲ್ಲಿ ಕಾರ್ಖಾನೆಗೆ ಹೊಸ ಡಮ್ಮಿಯೊಂದು ಬಂತು. ಅಂದಾಜಪ್ಪ ಅದನ್ನು ಎತ್ತಿ ನೋಡಿದ, ತಿರುಗಿಸಿ ನೋಡಿದ, ಮೇಜಿನ ಅಂಚಿನ ಮೇಲೆ ಇಟ್ಟು ಎತ್ತ ವಾಲುತ್ತದೆ ಎಂದು ನೋಡಿದ. ಇದು ಆ ಹೊಸ ಕನ್ಸೋಲೇ ಎಂದು ಅವನಿಗೆ ಖಾತ್ರಿಯಾಯಿತು. ಪ್ಯಾಕಿಂಗಿನವರು ಅದು ನೀರು ಶುದ್ಧ ಮಾಡುವ ಯಂತ್ರ ಎಂದರು. ಅವನು ನೇರ ಭಾವಮೈದನ ಅಂಗಡಿಗೆ ಹೋಗಿ ಸೋಫಾದ ಮೇಲೆ ನಿಂತೇಬಿಟ್ಟ.

"ಎಡಗಡೆ ಸಿಕ್ಕಾಪಟ್ಟೆ ಭಾರ. ಅಂದ್ರೆ ಏನು? ಬಿಸಿ ಎಳೆಯೋ ಲೋಹದ ಗಟ್ಟಿ. ಅಷ್ಟು ದೊಡ್ಡ ಗಟ್ಟಿ ಯಾಕೆ ಬೇಕು? ಚಿಪ್ಪು ರಾಕ್ಷಸ ಇರ್ಬೇಕು. ಬಲಗಡೆ ಹಗುರ. ಹಗುರ ಅಂದ್ರೆ ಖಾಲಿ ಅಲ್ಲ, ತೆಳುವಾಗಿ ಏನೋ ಇದೆ. ಅದೇ ಡಿಸ್ಕ್ ತಿರುಗೋ ಜಾಗ! ಬರ್ಕೊಳ್ಳಿ, ಡಿಸ್ಕ್ ಇದೆ!"

ಆಡುತ್ತಿದ್ದವರು ಆಟ ಬಿಟ್ಟು ನಕ್ಕರು. ಪಕ್ಕದ ಕಟಿಂಗ್ ಅಂಗಡಿಯವನು, ಅವನೂ ಅಲ್ಲಿಯ ಖಾಯಂ ಗಿರಾಕಿ, "ಅಣ್ಣಾ, ಇದೂ ಹೀಟರ್ ಇರ್ಬೇಕು ನೋಡು" ಎಂದ. ಭಾವಮೈದ ಮಾತ್ರ ನಗಲಿಲ್ಲ. "ಖಾತ್ರಿನಾ ಭಾವ?" ಎಂದು ಕೇಳಿದ. "ನೂರಕ್ಕೆ ನೂರು" ಎಂದ ಅಂದಾಜಪ್ಪ. ಭಾವಮೈದನ ಮುಖ ಪೆಚ್ಚಾಯಿತು. ಅದು ಏಕೆಂದು ಅಂದಾಜಪ್ಪನಿಗೆ ಹೊಳೆಯಲಿಲ್ಲ.

ಮುಂದಿನ ವಾರ ಅಸಲಿ ಮಾಲು ಬಂತು. ಅದರ ಜೊತೆ ಕಂಪನಿಯ ಇಬ್ಬರು ಇಂಜಿನಿಯರುಗಳೂ ಬಂದರು. ಮೊಬೈಲುಗಳನ್ನೆಲ್ಲ ಬಾಗಿಲಾಚೆ ಇಡಿಸಿದರು. ಮ್ಯಾನೇಜರು ಅಂದಾಜಪ್ಪನನ್ನು ಪಕ್ಕಕ್ಕೆ ಕರೆದು, "ಒಳಗೆ ನೋಡಿದ್ದು ಹೊರಗೆ ಬಂತೋ, ನಿನ್ನ ಕೆಲ್ಸ ಅವತ್ತಿಗೇ ಮುಗೀತು. ನಿನ್ನ ಬಾಯಿ ನಂಗೊತ್ತು" ಎಂದರು. ಜಗತ್ತೆಲ್ಲ ತಲೆ ಚಚ್ಚಿಕೊಂಡು ಊಹಿಸುತ್ತಿದ್ದ ವಸ್ತುವನ್ನು ಅಂದಾಜಪ್ಪ ಮೂಲೆಯ ಮೇಲೆ ಬೀಳಿಸಿದ, ಅಂಚಿನ ಮೇಲೆ ಬೀಳಿಸಿದ, ಮಕಾಡೆ ಬೀಳಿಸಿದ. ಕೊನೆಗೆ ಇಂಜಿನಿಯರುಗಳಲ್ಲಿ ಒಬ್ಬಳು ಪೆಟ್ಟಿಗೆ ಬಿಚ್ಚಿ, ಕಪ್ಪನೆಯ ಮಶೀನನ್ನು ಹೊರತೆಗೆದು, ಜೊತೆಗೆ ತಂದಿದ್ದ ಟೀವಿಗೆ ಸಿಕ್ಕಿಸಿ, ಬ್ಯಾಗಿನಿಂದ ಒಂದು ಡಿಸ್ಕು ತೆಗೆದು ಅದರ ಬಲಗಡೆಯ ಬಾಯಿಗೆ ತಳ್ಳಿದಳು. ಹಳೆಯ ಡಿಸ್ಕು. ಭಾವಮೈದನ ಕೋಣೆಯಲ್ಲಿ ಅಂದಾಜಪ್ಪ ಗೋಡೆಗೆ ಗುದ್ದಿಸುತ್ತಿದ್ದನಲ್ಲ, ಅದೇ ಕಾರಿನ ಗೇಮು. ಟೀವಿಯಲ್ಲಿ ಕಾರು ನಿಂತಿತ್ತು, ಹಿಂದೆಂದೂ ಇಲ್ಲದಷ್ಟು ಹೊಳೆಯುತ್ತಿತ್ತು.

"ಹಳೇ ಡಿಸ್ಕೂ ಓಡುತ್ತಾ ಮೇಡಂ?" ಎಂದ ಅವನು.

"ನೀವೇನೂ ನೋಡಿಲ್ಲ" ಎಂದಳು ಅವಳು.

ಅವನು ಎಲ್ಲವನ್ನೂ ನೋಡಿದ್ದ. ಎಡಗಡೆ ಭಾರ, ಬಲಗಡೆ ಡಿಸ್ಕು. ಹುಟ್ಟಿದಾಗಿನಿಂದ ಮೊದಲ ಸಲ, ಬಿಚ್ಚುವ ಮೊದಲು ಅವನು ಹೇಳಿದ್ದು ಸರಿಯಾಗಿತ್ತು. ಕೆಲಸ ಹೋದರೆ ಹೋಗಲಿ ಎನ್ನಿಸಿತು ಅವನಿಗೆ. ಇಷ್ಟು ವರ್ಷ ಹಲ್ಲು ಕಿರಿದವರ ಮುಂದೆ ಒಮ್ಮೆ, ಒಂದೇ ಒಂದು ಸಲ, ಎದೆ ಸೆಟೆಸಿ ನಿಲ್ಲಬೇಕು. ಪಾಳಿ ಮುಗಿದದ್ದೇ ತಡ, ಊಟದ ಡಬ್ಬಿಯನ್ನೂ ಅಲ್ಲೇ ಬಿಟ್ಟು ಓಡಿದ.

ಅಂಗಡಿಯಲ್ಲಿ ಆಡುವವರು ಯಾರೂ ಇರಲಿಲ್ಲ. ಗೋಡೆ ಅರ್ಧ ಖಾಲಿಯಾಗಿತ್ತು. ಅತ್ತೆ ನೆಲದ ಮೇಲೆ ಕೂತು ಡಿಸ್ಕಿನ ಡಬ್ಬಿಗಳನ್ನು ಸೆರಗಿನಿಂದ ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದಳು.

"ಏನತ್ತೆ ಇದು?"

"ಮಾರ್ತಿದಾನೆ. ನಾಳೆ ಬೆಳಿಗ್ಗೆ ಗಾಡಿ ಬರುತ್ತೆ."

"ಮಾರ್ತಿದಾನಾ? ಡಿಸ್ಕ್ ಇದೆ ಅಂತ ನಾನು ಹೇಳಿದ್ನಲ್ಲ!"

"ನೀವು ಹೇಳಿದ್ದಕ್ಕೇ ಮಾರ್ತಿರೋದು" ಎಂದಳು ಅತ್ತೆ, ಇನ್ನೊಂದು ಡಬ್ಬಿ ಒರೆಸುತ್ತ.

ಅಂದಾಜಪ್ಪನಿಗೆ ಅರ್ಥವಾಗಲಿಲ್ಲ. ಅತ್ತೆಗೆ ಮುಚ್ಚುಮರೆ ಮಾಡಿ ಅಭ್ಯಾಸವಿರಲಿಲ್ಲ. "ನೋಡಿ ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಕೈಯಲ್ಲಿ ಹಿಡಿಯೋದು ಭಾರಿ ಓಡುತ್ತೆ ಅಂದ್ರಿ, ಅವ್ನು ಕೊಳ್ಳಲಿಲ್ಲ, ಬಚಾವಾದ. ತೆಳ್ಳಗಿಂದು ಸುಟ್ಟುಹೋಗುತ್ತೆ ಅಂದ್ರಿ, ಸಾಲಾಗಿ ಕೊಂಡ, ಇವತ್ತಿಗೂ ಅದ್ರಲ್ಲೇ ಅನ್ನ ತಿಂತಿದೀವಿ. ನೀವು ಏನಂತೀರೋ ಅದ್ರ ಉಲ್ಟಾ ಮಾಡಿಯೇ ನಮ್ಮ ಅಂಗಡಿ ನಡೆದಿದ್ದು. ನಿಮ್ಮಷ್ಟು ಗ್ಯಾರಂಟಿಯಾಗಿ ತಪ್ಪು ಹೇಳೋರು ಈ ಊರಲ್ಲೇ ಇಲ್ಲ."

ಅವನು ಸೋಫಾದ ತೋಳಿನ ಮೇಲೆ ಕುಸಿದ. ಕಿವಿ ಬಿಸಿಯಾಯಿತು. ತಾನು ಮಾತಾಡುವಾಗ ಭಾವಮೈದ ಅಷ್ಟು ಗಮನವಿಟ್ಟು ಕೇಳುತ್ತಿದ್ದುದು, "ಖಾತ್ರಿನಾ ಭಾವ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದುದು ಎಲ್ಲ ನೆನಪಾಯಿತು. ಅದನ್ನು ಅವನು ಗೌರವ ಎಂದುಕೊಂಡಿದ್ದ. ಜಗತ್ತೆಲ್ಲ ನಕ್ಕರೂ ಒಬ್ಬನಾದರೂ ತನ್ನನ್ನು ನಂಬುತ್ತಾನೆ ಎಂದುಕೊಂಡಿದ್ದ.

"ಅತ್ತೆ, ಈ ಸಲ ಹಂಗಲ್ಲ. ಇವತ್ತು ನಾನು ಅಸಲಿ ಮಾಲನ್ನೇ ನೋಡಿದೆ. ಡಿಸ್ಕ್ ಹಾಕಿದ್ರು, ನನ್ನ ಕಣ್ಣೆದುರಿಗೇ ಓಡ್ತು. ಕಣ್ಣಾರೆ ನೋಡಿದೀನಿ."

"ಆ ಹೀಟರನ್ನೂ ಕಣ್ಣಾರೆ ನೋಡಿದ್ರಿ."

ಹೊರಗೆ ಭಾವಮೈದನ ಚಪ್ಪಲಿಯ ಸದ್ದಾಯಿತು. ಕಟಿಂಗ್ ಅಂಗಡಿಯವನ ಜೊತೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತುಕೊಂಡು ಒಳಗೆ ಬಂದ. ಕಣ್ಣು ಕೆಂಪಾಗಿತ್ತು, ಅತ್ತಿದ್ದನೋ ಏನೋ. ಅಂದಾಜಪ್ಪ ಅವನನ್ನು ನೋಡಿದ. ಡಿಸ್ಕ್ ಇದೆ, ನೋಡಿದೆ, ಆಣೆ ಎಂದು ಎಷ್ಟು ಗಟ್ಟಿಯಾಗಿ ಹೇಳಿದರೆ ಅಷ್ಟು ಬೇಗ ಆ ಗೋಡೆ ಖಾಲಿಯಾಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೂ ಬೆಳಿಗ್ಗೆ ಗಾಡಿ ಬರುತ್ತದೆ. ಉಳಿದಿದ್ದು ಒಂದೇ ದಾರಿ. ಆ ದಾರಿಯ ಮೇಲೆ ಅವನಿಗೆ ಬಂದಷ್ಟು ಸಿಟ್ಟು ಬೇರೆ ಯಾವುದರ ಮೇಲೂ ಬಂದಿರಲಿಲ್ಲ.

ಅವನು ಎದ್ದು ನಿಂತ. "ನಾನು ಅವತ್ತು ಹೇಳಿದ್ದು ತಪ್ಪು ಕಣಯ್ಯ" ಎಂದ.

ಭಾವಮೈದ ಪೆಟ್ಟಿಗೆಗಳನ್ನು ಕೆಳಗಿಟ್ಟ. "ಯಾವ್ದು ಭಾವ?"

"ಡಿಸ್ಕ್ ಇಲ್ಲ. ಬಲಗಡೆ ಹಗುರ ಅಂದಿದ್ನಲ್ಲ, ಅದು ಡಿಸ್ಕಲ್ಲ, ಫ್ಯಾನು. ಚಿಪ್ಪು ಅಷ್ಟು ದೊಡ್ಡದಿದ್ರೆ ಒಂದು ಫ್ಯಾನು ಯಾವ ಮೂಲೆಗೆ? ಎರಡು ಬೇಕು. ಎರಡನೇದಕ್ಕೆ ಜಾಗ ಎಲ್ಲಿಂದ ತರ್ತಾರೆ? ಡಿಸ್ಕ್ ಕಿತ್ತುಹಾಕ್ಲೇಬೇಕು. ಇಷ್ಟು ಸಣ್ಣ ವಿಷ್ಯ ನಂಗೆ ಅವತ್ತು ಹೊಳೀಲಿಲ್ಲ ನೋಡು."

ಹೇಳುತ್ತ ಹೇಳುತ್ತ ಅವನಿಗೇ ಆಶ್ಚರ್ಯವಾಯಿತು. ಇಷ್ಟು ಚೆನ್ನಾಗಿ ಅವನು ಎಂದೂ ಮಾತಾಡಿರಲಿಲ್ಲ. ಸುಳ್ಳು ಸಲೀಸಾಗಿ, ಒಂದಕ್ಕೊಂದು ಹೊಂದಿಕೊಂಡು ಬರುತ್ತಿತ್ತು. ಆದರೆ ಭಾವಮೈದ ಗೊಂದಲಕ್ಕೆ ಬಿದ್ದ. "ಅವತ್ತು ನೂರಕ್ಕೆ ನೂರು ಅಂದ್ರಿ. ಇವತ್ತು ಇಲ್ಲ ಅಂತೀರಿ. ಯಾವ್ದನ್ನ ಹಿಡೀಲಿ?" ಎಂದ. ಯಾವುದನ್ನು ಉಲ್ಟಾ ಮಾಡಲಿ ಎಂದು ಅವನು ಕೇಳುತ್ತಿದ್ದಾನೆ ಎನ್ನುವುದು ಅಂದಾಜಪ್ಪನಿಗೆ ಈಗ ಚೆನ್ನಾಗಿ ಗೊತ್ತಿತ್ತು.

ಅವನು ಮೂಗಿನ ಕೆಳಗೆ ಕೈ ಒಯ್ದ. ಅವನ ಮೀಸೆ ದಪ್ಪ, ತುದಿ ತಿರುವಿದ್ದು. ಒಟ್ಟು ಆಕಾರದಲ್ಲಿ ನೋಡುವಂಥದ್ದು ಎಂದು ಇದ್ದದ್ದು ಅದೊಂದೇ ಎಂದು ಹೆಂಡತಿಯೇ ಹೇಳುತ್ತಿದ್ದಳು. "ಆ ಮಶೀನಲ್ಲಿ ಡಿಸ್ಕ್ ಇದ್ರೆ ಈ ಮೀಸೆ ಬೋಳಿಸ್ತೀನಿ. ಇದೇ ಅಂಗಡೀಲಿ, ಎಲ್ರ ಮುಂದೆ. ಇವನ ಕೈಯಲ್ಲೇ" ಎಂದು ಕಟಿಂಗ್ ಅಂಗಡಿಯವನನ್ನು ತೋರಿಸಿದ.

ಭಾವಮೈದ ಅವನನ್ನು ಒಂದು ಗಳಿಗೆ ನೋಡಿದ. ಭಾವ ಇಷ್ಟು ಖಾತ್ರಿಯಾಗಿ ಹೇಳಿದರೆ ಅದು ತಪ್ಪೇ ಇರಬೇಕು. ಅವನ ಮುಖಕ್ಕೆ ನಿಧಾನವಾಗಿ ರಕ್ತ ಬಂತು. ಮೊಬೈಲು ತೆಗೆದು ಹೊರಗೆ ಹೋಗಿ, ನಾಳೆ ಗಾಡಿ ಕಳಿಸಬೇಡಿ ಎಂದು ಹೇಳುವುದು ಒಳಗಿನವರೆಗೆ ಕೇಳಿಸಿತು. "ಗಳಿಗೆಗೊಂದು ಮಾತು" ಎಂದು ಗೊಣಗಿ ಅತ್ತೆ ಡಬ್ಬಿಗಳನ್ನು ಮತ್ತೆ ಗೋಡೆಗೆ ಜೋಡಿಸಲು ಶುರು ಮಾಡಿದಳು.

ಕಂಪನಿ ಹೊಸ ಮಶೀನನ್ನು ತೋರಿಸಿದ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ಟೀವಿಯಲ್ಲಿ ಮಶೀನು ತಿರುಗಿತು, ಬಲಗಡೆಯ ಬಾಯಿ ಕಾಣಿಸಿತು, ಅದರೊಳಗೆ ಡಿಸ್ಕು ಜಾರಿತು. ಹಳೆಯ ಡಿಸ್ಕುಗಳೂ ಓಡುತ್ತವೆ ಎಂದು ಹೇಳಿದ್ದೇ ತಡ, ಭಾವಮೈದ ಕೂಗಿಕೊಂಡು ಅಕ್ಕನನ್ನು ಅಪ್ಪಿಕೊಂಡ. ಅವಳು ತಮ್ಮನ ಬೆನ್ನು ಸವರುತ್ತ ಅತ್ತಳು. ಆಮೇಲೆ ಎಲ್ಲರ ತಲೆಯೂ ಒಟ್ಟಿಗೆ ಅಂದಾಜಪ್ಪನ ಕಡೆ ತಿರುಗಿತು. ಕಟಿಂಗ್ ಅಂಗಡಿಯವನು ಸಾಮಾನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದ.

ಮೀಸೆ ಹೋದ ಮೇಲೆ ಅವನ ಮುಖ ತೊಳೆದಿಟ್ಟ ಪಾತ್ರೆಯ ಹಾಗಾಯಿತು. ಹೆಂಡತಿ ಅಳುವುದನ್ನು ನಿಲ್ಲಿಸಿ, ಸೆರಗು ಬಾಯಿಗಿಟ್ಟು ನಕ್ಕಳು. ಜನ ಶಿಳ್ಳೆ ಹೊಡೆದರು, ಮೊಬೈಲಿನಲ್ಲಿ ಚಿತ್ರ ತೆಗೆದರು. ನಾನು ಅಸಲಿಯನ್ನೇ ಬೀಳಿಸಿದವನು, ನಿಮಗೆಲ್ಲರಿಗಿಂತ ಮೊದಲೇ ನನಗೆ ಗೊತ್ತಿತ್ತು ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು. ಈಗ ಹೇಳಿದರೆ ಯಾರು ನಂಬುತ್ತಾರೆ? ನಂಬಿದರೆ ಇನ್ನೂ ಕೆಟ್ಟದ್ದು, ಕೆಲಸವೂ ಹೋಗುತ್ತದೆ. ಅವನಿಗೆ ಬಹಳ ದುಃಖವಾಯಿತು, ಅದನ್ನು ನುಂಗಿದ.

ಭಾವಮೈದ ಬಂದು ಅವನ ಹೆಗಲ ಮೇಲೆ ಕೈ ಹಾಕಿದ. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂದಿತ್ತು. "ಭಾವ, ನಿಮ್ಮ ಋಣ ತೀರ್ಸೋಕಾಗಲ್ಲ. ಅವತ್ತು ನೀವು ಒಂದೇ ಒಂದು ಸಲ ಸರಿ ಹೇಳಿದ್ದಿದ್ರೆ ನಾನು ಬೀದಿಗೆ ಬಂದಿರ್ತಿದ್ದೆ!"

"ಹೌದಪ್ಪ, ಬಂದಿರ್ತಿದ್ದೆ" ಎಂದ ಅಂದಾಜಪ್ಪ.

ಇಡೀ ಅಂಗಡಿ ಬಿದ್ದು ಬಿದ್ದು ನಕ್ಕಿತು. ಬಾಗಿಲ ಬಳಿ ನಿಂತಿದ್ದ ಅತ್ತೆಯೂ ನಗುತ್ತಿದ್ದಳು, ಆದರೆ ಅವಳ ನಗು ಅರ್ಧಕ್ಕೇ ನಿಂತಿತು. ಅವಳು ಟೀವಿಯ ಕಡೆ ನೋಡಿದಳು, ಅಲ್ಲಿ ಬಲಗಡೆಯ ಬಾಯಿ ಇನ್ನೂ ಕಾಣುತ್ತಿತ್ತು. ಆಮೇಲೆ ಅಳಿಯನ ಬೋಳು ತುಟಿಯನ್ನು ನೋಡಿದಳು. ನೋಡುತ್ತಲೇ ನಿಂತಳು. ಬಾಯಿ ತೆರೆದಳು, ಅಂದಾಜಪ್ಪ ಬೇಡ ಎಂದು ತಲೆಯಾಡಿಸಿದ. ಬಾಯಿ ಮುಚ್ಚಿದಳು.

ಮತ್ತೆ ಅವಳು ಮಾತಾಡಿದ್ದು, ಮುಂದಿನ ಸೋಫಾದಲ್ಲಿ ಕಾಲು ಚಾಚಿ ಹಲ್ಲು ಕಿರಿಯುತ್ತಿದ್ದವರ ಮೇಲೆ ರೇಗಿ: "ಏಳ್ರೋ ಮೇಲೆ. ನಮ್ಮ ಅಳಿಯಂದ್ರು ಆಗಿಂದ ನಿಂತೇ ಇದಾರೆ, ಕಾಣ್ಸಲ್ವಾ?"